ಹಾಪುಸ್ ಯಾವ ಊರಿನದು?

ಏಪ್ರಿಲ್‌ನಲ್ಲಿ ಠಾಣೆಯ ಅಂಗಡಿಯೊಂದರಲ್ಲಿ ‘ಅಸಲಿ ದೇವಗಡ’, ಅಂದರೆ ಕೊಂಕಣದ ಸಿಂಧುದುರ್ಗ ಜಿಲ್ಲೆಯ ದೇವಗಡದ ಹಾಪುಸ್, ಎಂದು ಕೊಂಡ ಮಾವಿನ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಿದರೆ, ಹುಲ್ಲಿನಡಿ ಹುಬ್ಬಳ್ಳಿ ಆವೃತ್ತಿಯ ಕನ್ನಡ ಪತ್ರಿಕೆ! ಓದಲು ಬಂದದ್ದೇ ತಪ್ಪಾಯಿತು. ಹಣ್ಣಿನ ಮೂಲವನ್ನು ಪತ್ತೆ ಹಚ್ಚಲು ಇದಕ್ಕಿಂತ ಕಷ್ಟದ ದಾರಿಯೊಂದನ್ನು ಸರ್ಕಾರ ಮಾಡಿಟ್ಟಿದೆ.

ಈ ಮಾವಿನ ಹೆಸರು ಪೋರ್ಚುಗೀಸರದು. ಗೋವೆ ಗೆದ್ದ ಅಫೋನ್ಸೊ ಡಿ ಅಲ್ಬುಕರ್ಕ್‌ನಿಂದ ಬಂದದ್ದೆಂಬುದು ರೂಢಿಯ ಮಾತು. ಅಲ್ಫಾನ್ಸೊ ಕೊಂಕಣದಲ್ಲಿ ಹಾಪುಸ್ ಆಯಿತು, ಧಾರವಾಡದಲ್ಲಿ ಆಪೂಸ್, ರಾಮನಗರದಲ್ಲಿ ಬಾದಾಮಿ. ಊರಿನ ಹೆಸರನ್ನು ಕಾಯುವ ಕಾನೂನು ಬಂದದ್ದು ಬಹಳ ಮುಂದೆ: 1995ರ ವಿಶ್ವ ವ್ಯಾಪಾರ ಒಪ್ಪಂದ, 1997ರಲ್ಲಿ ಅಮೆರಿಕದ ಕಂಪನಿಯೊಂದು ಬಾಸ್ಮತಿಗೆ ಪೇಟೆಂಟ್ ಪಡೆದ ಗದ್ದಲ, ಆಮೇಲೆ ಊರಿನ ಹೆಸರನ್ನು ಆ ಊರಿನ ಸರಕಿಗೇ ಮೀಸಲಿಡುವ 1999ರ ಭೌಗೋಳಿಕ ಸೂಚಕಗಳ (ಜಿಐ) ಕಾಯ್ದೆ. 2003ರಲ್ಲಿ ಅದು ಜಾರಿಯಾಗಿ ಚೆನ್ನೈನಿಂದ ನೋಂದಣಿ ಶುರುವಾಯಿತು. ಮೊದಲ ಜಿಐ ಮಾನ್ಯತೆ ಡಾರ್ಜಿಲಿಂಗ್ ಚಹಾಕ್ಕೆ.

ಹಾಪುಸ್‌ಗೆ ಅದು ಸಿಗಲು 2018ರ ಅಕ್ಟೋಬರ್ ಬರಬೇಕಾಯಿತು. ಜಗಳ ಮನೆಯೊಳಗಿನದೇ. ರತ್ನಾಗಿರಿಯವರಿಗೆ ರತ್ನಾಗಿರಿಯ ಹೆಸರೇ ಬೇಕು, ದೇವಗಡದವರಿಗೆ ದೇವಗಡದ್ದೇ. ಕೊನೆಗೆ ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್ ಐದು ಜಿಲ್ಲೆಗೂ ಸೇರಿ ಒಂದೇ ಮಾನ್ಯತೆ. ಠಾಣೆಯ ಮಣ್ಣಿಗೂ ದೇವಗಡದ ಜಂಬಿಟ್ಟಿಗೆ ಬಂಡೆಗೂ ಎಲ್ಲಿಂದೆಲ್ಲಿಯ ನಂಟೋ, ನನಗಂತೂ ತಿಳಿಯದು. ಗೋವೆ ಹೊರಗುಳಿಯಿತು. ಈಚೆಗೆ ಗುಜರಾತಿನ ವಲ್ಸಾಡವೂ ತನ್ನ ಹಾಪುಸ್‌ಗೆ ಅರ್ಜಿ ಹಾಕಿದೆ. ಕೊಂಕಣದವರು ತಕರಾರು ತೆಗೆದಿದ್ದಾರೆ.

ಮಾನ್ಯತೆ ಸಿಗುವುದು ಸಂಘ ಸಂಸ್ಥೆಗಳಿಗೆ. ಹತ್ತು ವರ್ಷಕ್ಕೊಮ್ಮೆ ನವೀಕರಣ. ತೋಟದವನು ‘ಅಧಿಕೃತ ಬಳಕೆದಾರ’ ಎಂದು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಸುಳ್ಳು ಸೂಚಕ ಹಚ್ಚಿದರೆ 1999ರ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ ಬರೆದಿದೆ. ಆದರೆ ನವಿ ಮುಂಬೈಯ ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆಯಲ್ಲಿ ನಸುಕಿಗೆ ಲಾರಿ ಇಳಿದು, ಹಣ್ಣು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಿ, ದಲಾಲಿಯಿಂದ ಕೈಗಾಡಿಗೆ ದಾಟುವಷ್ಟರಲ್ಲಿ ಯಾರು ಹಚ್ಚಿದರು ಎಂದು ಕೇಳಿದರೆ ಎಲ್ಲರೂ ಹಿಂದಿನವನತ್ತ ಬೆರಳು ತೋರಿಸುತ್ತಾರೆ. ಸಿಪ್ಪೆ ತೆಳುವಾಗಿದ್ದು ತಿರುಳು ಕೇಸರಿಯಾಗಿದ್ದರೆ ಕೊಂಕಣದ್ದು, ಹಳದಿಯಾದರೆ ಕರ್ನಾಟಕದ್ದು ಎನ್ನುತ್ತಾರೆ. ಕೊಯ್ದ ಮೇಲೆ ತಿಳಿದು ಏನು ಮಾಡುವುದು? ಇದಕ್ಕೇ 2025ರಲ್ಲಿ ದೇವಗಡದ ಬೆಳೆಗಾರರ ಸಹಕಾರ ಸಂಘ ಒಂದೊಂದು ಹಣ್ಣಿಗೂ ಪ್ರತ್ಯೇಕ ಸಂಖ್ಯೆಯ ಚೀಟಿ ತಂದಿತು.

ಅಂಕೋಲೆಯವರು 2023ರಲ್ಲಿ ತಮ್ಮ ಕರಿ ಈಶಾಡು ಮಾವಿಗೆ ಅದರದೇ ಹೆಸರಿನಲ್ಲಿ ಮಾನ್ಯತೆ ಪಡೆದರು. ಧಾರವಾಡದ ಆಪೂಸ್ ಮಾತ್ರ ಘಟ್ಟ ಇಳಿಯುವಾಗ ಊರಿನ ಹೆಸರು ಕಳಚಿಟ್ಟೇ ಬರುತ್ತದೆ. ನನ್ನ ಪೆಟ್ಟಿಗೆಯ ಹಣ್ಣು, ಹೇಳಲೇಬೇಕು, ಬಲು ಸಿಹಿಯಾಗಿತ್ತು. ನಾನು ತೆತ್ತದ್ದು ದೇವಗಡದ ದರ. ಬೆಳೆದವನ ಕೈ ಸೇರಿದ್ದು ಆಪೂಸಿನ ದರವೇ ಇರಬೇಕು.