ಗ್ರೇಡ್ 3 ಅಂತ ಬರೆದ್ರೆ ಸಾಲದು

ಹೋದ ಮಳೆಗಾಲದಲ್ಲಿ ಹಾಸನ ಕಡೆಯ ಒಬ್ಬ ಹುಡುಗಿ ಅವರಪ್ಪನ ಬಯಾಪ್ಸಿ ಬ್ಲಾಕ್‌ಗಳನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ನಮ್ಮ ಲ್ಯಾಬಿಗೆ ಬಂದಿದ್ಲು. ಬ್ಲಾಕ್ ಅಂದ್ರೆ ಮೇಣದೊಳಗೆ ಕೂರಿಸಿದ ಗಡ್ಡೆಯ ಚೂರು. "ಮೇಡಮ್, ರಿಪೋರ್ಟಲ್ಲಿ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ ಗ್ರೇಡ್ 3 ಅಂತ ಬರೆದವ್ರೆ, ಮೊಬೈಲಲ್ಲಿ ನೋಡಿದ್ರೆ ಒಂದು ವರ್ಷಾನೂ ಕಷ್ಟ ಅಂತ ಬರ್ತಿದೆ, ಹೌದಾ?" ಅಂತ ಕೇಳಿದ್ಲು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಲಿವರಿಗೂ ಹರಡಿತ್ತು. ಸ್ಲೈಡ್ ನೋಡದೆ ಏನೂ ಹೇಳಕ್ಕಾಗಲ್ಲಮ್ಮ ಅಂದೆ, ಯಾಕಂದ್ರೆ ಆ ಗ್ರೇಡ್ 3 ಅನ್ನೋ ಎರಡು ಪದದೊಳಗೆ ಎರಡು ಬೇರೆ ಬೇರೆ ಕಾಯಿಲೆ ಇರತ್ತೆ.

ನಮ್ಮ ಹೊಟ್ಟೆ, ಕರುಳು, ಮೇದೋಜೀರಕ ಗ್ರಂಥಿ ಇಲ್ಲೆಲ್ಲಾ ಹಾರ್ಮೋನ್ ತಯಾರಿಸೋ ಪುಟ್ಟ ಜೀವಕೋಶಗಳು ಅಲ್ಲೊಂದು ಇಲ್ಲೊಂದು ಚೆದುರಿಕೊಂಡಿರ್ತವೆ. ನರದ ಗುಣಾನೂ ಇದೆ, ಗ್ರಂಥಿಯ ಗುಣಾನೂ ಇದೆ, ಅದಕ್ಕೇ ನ್ಯೂರೋಎಂಡೋಕ್ರೈನ್ ಅಂತ ಹೆಸರು. ಇವುಗಳಿಂದ ಹುಟ್ಟೋ ಗಡ್ಡೆಗಳಿಗೆ 1907ರಲ್ಲಿ ಮ್ಯೂನಿಕ್‌ನ ಓಬರ್ನ್‌ಡಾರ್ಫರ್ ಅನ್ನೋ ಪೆಥಾಲಜಿಸ್ಟ್ ಕಾರ್ಸಿನಾಯ್ಡ್ ಅಂತ ಹೆಸರಿಟ್ರು, ಅಂದ್ರೆ ಕ್ಯಾನ್ಸರ್ ತರ ಕಾಣತ್ತೆ ಆದ್ರೆ ಅಷ್ಟು ಕೆಟ್ಟದ್ದಲ್ಲ ಅಂತ. ನಮ್ಮ ದೇಶದಲ್ಲಿ ಎಷ್ಟೋ ಜನ ಈ ಕಾಯಿಲೆ ಹೆಸರು ಮೊದಲು ಕೇಳಿದ್ದೇ 2018ರಲ್ಲಿ, ನಟ ಇರ್ಫಾನ್ ಖಾನ್ ತಮಗೆ ಇದು ಬಂದಿದೆ ಅಂತ ಹೇಳಿಕೊಂಡಾಗ.

ಗ್ರೇಡ್ ಕೊಡೋದು ಮುಖ್ಯವಾಗಿ ಕೆಐ-67 ಅನ್ನೋ ಪರೀಕ್ಷೆ ಮೇಲೆ, ಜೊತೆಗೆ ಒಡೀತಿರೋ ಜೀವಕೋಶಗಳನ್ನೂ ಎಣಿಸ್ತೀವಿ. ಜರ್ಮನಿಯ ಕೀಲ್ ಊರಲ್ಲಿ 1983ರ ಹೊತ್ತಿಗೆ ಕಂಡುಹಿಡಿದಿದ್ದಕ್ಕೆ ಕೆಐ, ಲ್ಯಾಬಿನ ಗುಳಿಗುಳಿ ಪ್ಲೇಟಿನ 67ನೇ ಗುಳೀಲಿ ಸಿಕ್ಕಿದ್ದಕ್ಕೆ 67. ವಿಭಜನೆಗೆ ಇಳಿದಿರೋ ಜೀವಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗತ್ತೆ, ಉಳಿದಿದ್ದು ನೀಲಿ. ನಾನು ಹೆಚ್ಚು ಕಂದು ಇರೋ ಜಾಗ ಹುಡುಕಿ, ಫೋಟೋ ತೆಗೆದು ಪ್ರಿಂಟ್ ಹಾಕಿಸಿ, ಪೆನ್ನು ಹಿಡಿದು ಒಂದೊಂದಕ್ಕೂ ಗೀಟು ಹಾಕ್ತಾ ಎಣಿಸ್ತೀನಿ, ಕಮ್ಮಿ ಅಂದ್ರೂ 500 ಜೀವಕೋಶ ಎಣಿಸಬೇಕು. ಆವತ್ತು 530ರಲ್ಲಿ 212 ಕಂದು ಇತ್ತು, ಅಂದ್ರೆ 40 ಪರ್ಸೆಂಟ್. 3ಕ್ಕಿಂತ ಕಮ್ಮಿ ಇದ್ರೆ ಗ್ರೇಡ್ 1, 3ರಿಂದ 20ರವರೆಗೆ ಗ್ರೇಡ್ 2, 20 ದಾಟಿದ್ರೆ ಗ್ರೇಡ್ 3. ಹಾಗಾಗಿ ಹಳೇ ರಿಪೋರ್ಟಿನ ಎಣಿಕೆ ತಪ್ಪಿರಲಿಲ್ಲ.

ತೊಂದರೆ ಇದ್ದಿದ್ದು ಆ ಎಣಿಕೆಗೆ ಕೊಟ್ಟ ಹೆಸರಲ್ಲಿ. 2010ರ ಡಬ್ಲ್ಯೂಎಚ್‌ಒ ವರ್ಗೀಕರಣದಲ್ಲಿ 20 ದಾಟಿದ್ದೆಲ್ಲಾ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ, ಚಿಕ್ಕದಾಗಿ ನೆಕ್, ಅಂತಾನೇ ಇತ್ತು, ಎಲ್ಲರಿಗೂ ಒಂದೇ ಕೀಮೋ. ಆಮೇಲೆ 2013ರಲ್ಲಿ ನಾರ್ಡಿಕ್ ದೇಶಗಳ ಡಾಕ್ಟರ್‌ಗಳು 305 ರೋಗಿಗಳ ಲೆಕ್ಕ ಬಿಡಿಸಿ ನೋಡಿದ್ರು. ಕೆಐ-67 55ಕ್ಕಿಂತ ಕಮ್ಮಿ ಇರೋರಲ್ಲಿ ಪ್ಲಾಟಿನಂ ಕೀಮೋಗೆ ಗಡ್ಡೆ ಕರಗಿದ್ದು ಬರೀ 15 ಪರ್ಸೆಂಟ್ ಜನಕ್ಕೆ, 55 ಮತ್ತು ಮೇಲೆ ಇರೋರಲ್ಲಿ 42 ಪರ್ಸೆಂಟ್. ಆದ್ರೂ ಕೀಮೋ ಕಮ್ಮಿ ಹಿಡಿದ ಗುಂಪೇ ನಾಲ್ಕು ತಿಂಗಳು ಜಾಸ್ತಿ ಬದುಕಿತ್ತು, 14 ತಿಂಗಳು, ಇನ್ನೊಂದು ಗುಂಪು 10. ಇದನ್ನ ಓದಿದಾಗ ನನಗೆ ತುಂಬಾ ಸಂಕಟ ಆಗಿತ್ತು, ಎಷ್ಟು ಜನ ತಮಗೆ ಹಿಡಿಯದ ಔಷಧಿಯ ವಾಂತಿ, ಸುಸ್ತು ಎಲ್ಲಾ ಸುಮ್ಮನೆ ಅನುಭವಿಸಿರಬೇಕು ಅಂತ. 2017ರಲ್ಲಿ ಮೇದೋಜೀರಕ ಗ್ರಂಥಿಗೆ, 2019ರಲ್ಲಿ ಇಡೀ ಜೀರ್ಣಾಂಗಕ್ಕೆ ಹೊಸ ವರ್ಗೀಕರಣ ಬಂತು, ಗ್ರೇಡ್ 3 ನೆಟ್, ಅಂದ್ರೆ ನ್ಯೂರೋಎಂಡೋಕ್ರೈನ್ ಟ್ಯೂಮರ್, ಬೇರೆ, ನೆಕ್ ಬೇರೆ.

ನಂಬರ್ ಒಂದರಿಂದ ಇವೆರಡನ್ನ ಬೇರೆ ಮಾಡಕ್ಕಾಗಲ್ಲ, ಕಣ್ಣಿಂದ ನೋಡ್ಬೇಕು. ನೆಟ್‌ನಲ್ಲಿ ಜೀವಕೋಶಗಳು ಎಷ್ಟೇ ಬೇಗ ಬೆಳೀತಿದ್ರೂ ಗುಂಪುಗುಂಪಾಗಿ, ರಿಬ್ಬನ್ ತರ ಸಾಲಾಗಿ ಕೂತಿರ್ತವೆ, ದುಂಡಗಿನ ನ್ಯೂಕ್ಲಿಯಸ್, ಒಳಗೆ ರವೆ ಚೆಲ್ಲಿದ ಹಾಗೆ ಚುಕ್ಕಿ. ನೆಕ್‌ನಲ್ಲಿ ಆ ಶಿಸ್ತೇ ಇರಲ್ಲ, ಹಾಳೆ ಹಾಸಿದ ಹಾಗೆ ಒತ್ತೊತ್ತಾಗಿ, ಮಧ್ಯ ಮಧ್ಯ ಸತ್ತ ಜಾಗ, ಜೀವಕೋಶಗಳು ಸಣ್ಣವು ಅಥವಾ ದೊಡ್ಡವು, ಎರಡೂ ತರ ಇದೆ. ಹುಟ್ಟೇ ಬೇರೆ ಇವುಗಳದ್ದು. ನೆಕ್‌ನಲ್ಲಿ ಟಿಪಿ53, ಆರ್‌ಬಿ1 ಅನ್ನೋ ಕಾವಲು ಜೀನ್‌ಗಳು ಕೆಟ್ಟಿರ್ತವೆ, ಮೇದೋಜೀರಕ ಗ್ರಂಥಿಯ ನೆಟ್‌ನಲ್ಲಿ ಕೆಡೋದು ಎಂಇಎನ್1, ಡಾಕ್ಸ್, ಎಟಿಆರ್‌ಎಕ್ಸ್. ಕಣ್ಣಿಗೆ ಅನುಮಾನ ಬಂದ್ರೆ ಈ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡ್ತೀವಿ. ಇಷ್ಟೆಲ್ಲಾ ಮಾಡಿದ್ರೂ ಸಣ್ಣ ಚೂರಲ್ಲಿ ಕೆಲವೊಮ್ಮೆ ಗೊತ್ತಾಗಲ್ಲ, ಆಗ ಇನ್ನೊಂದು ಸಲ ಬಯಾಪ್ಸಿ ಕೇಳಕ್ಕೆ ನಾಚಿಕೊಳ್ಳಬಾರದು ಅಂತ ನಾನು ಜೂನಿಯರ್‌ಗಳಿಗೆ ಹೇಳ್ತಾನೇ ಇರ್ತೀನಿ.

ಆ ಹುಡುಗಿ ಅಪ್ಪನ ಸ್ಲೈಡಲ್ಲಿ ರಿಬ್ಬನ್ ಸಾಲು ಚೆನ್ನಾಗೇ ಕಾಣ್ತಿತ್ತು, ಆರ್‌ಬಿ1 ಉಳಿದಿತ್ತು, ಡಾಕ್ಸ್ ಹೋಗಿತ್ತು. ಗ್ರೇಡ್ 3 ನೆಟ್.

ಇದರಿಂದ ಏನು ಬದಲಾಗತ್ತೆ ಅಂದ್ರೆ ಔಷಧಿನೇ ಬದಲಾಗತ್ತೆ. ಹರಡಿರೋ ನೆಕ್‌ಗೆ ಇವತ್ತಿಗೂ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜೊತೆ ಎಟೊಪೊಸೈಡ್, ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿಂದ ತಂದ ಪದ್ಧತಿ. ಜಪಾನಲ್ಲಿ 170 ರೋಗಿಗಳ ಮೇಲೆ ಎಟೊಪೊಸೈಡ್ ಬದಲು ಇರಿನೋಟೆಕಾನ್ ಕೊಟ್ಟು ಹೋಲಿಸಿ ನೋಡಿದ್ರು, ಎಟೊಪೊಸೈಡ್ ಗುಂಪು ಬದುಕಿದ್ದು 12.5 ತಿಂಗಳು, ಇರಿನೋಟೆಕಾನ್ ಗುಂಪು 10.9 ತಿಂಗಳು, ಲೆಕ್ಕಕ್ಕೆ ಹಿಡಿಯೋ ವ್ಯತ್ಯಾಸ ಬರಲಿಲ್ಲ. ನೆಕ್‌ಗೆ ಒಳ್ಳೆ ಔಷಧಿ ಇನ್ನೂ ಬೇಕು, ತುರ್ತಾಗಿ ಬೇಕು.

ಗ್ರೇಡ್ 3 ನೆಟ್‌ಗೆ ದಾರಿ ಜಾಸ್ತಿ ಇದೆ. ಗಡ್ಡೆ ಒಂದೇ ಕಡೆ ಇದ್ರೆ ಆಪರೇಷನ್, ಹರಡಿದ್ರೆ ಕೆಪೆಸಿಟಾಬಿನ್ ಮತ್ತು ಟೆಮೊಜೊಲೊಮೈಡ್, ಎರಡೂ ಮನೇಲೇ ನುಂಗೋ ಮಾತ್ರೆ, ಇನ್ನೊಂದು ಲುಟೇಶಿಯಂ. ಇಂಥ ಗಡ್ಡೆಗಳ ಮೈಮೇಲೆ ತುಂಬಾ ಸಲ ಸೊಮಾಟೊಸ್ಟಾಟಿನ್ ಹಾರ್ಮೋನ್ ಬಂದು ಕೂರೋ ಗೂಡು ಇರತ್ತೆ, ಆ ಹಾರ್ಮೋನನ್ನ ಹೋಲೋ ಅಣುವಿಗೆ ವಿಕಿರಣ ಸೂಸೋ ಲುಟೇಶಿಯಂ-177 ಕಟ್ಟಿ ರಕ್ತಕ್ಕೆ ಬಿಟ್ರೆ ಅದು ಗೂಡಿಗೆ ಹೋಗಿ ಕೂತು ಅಲ್ಲೇ ಸುಡತ್ತೆ. ಎಂಟು ವಾರಕ್ಕೊಂದು ಡೋಸ್, ಸಾಮಾನ್ಯವಾಗಿ ನಾಲ್ಕು, ಪ್ರತಿ ಸಲವೂ ಕಿಡ್ನಿಗೆ ಏಟು ಬೀಳದ ಹಾಗೆ ಅಮೈನೋ ಆಸಿಡ್ ಡ್ರಿಪ್ ಹಾಕಿರ್ತಾರೆ. ಈ ಲುಟೇಶಿಯಂ ನಮ್ಮ ದೇಶದಲ್ಲೇ ತಯಾರಾಗತ್ತೆ, ಮುಂಬೈ ಟ್ರಾಂಬೆಯ ಧ್ರುವ ರಿಯಾಕ್ಟರಲ್ಲಿ. 2024ರಲ್ಲಿ ಪ್ರಕಟವಾದ ನೆಟರ್-2 ಅಧ್ಯಯನದಲ್ಲಿ ಕೆಐ-67 10ರಿಂದ 55ರ ನಡುವೆ ಇರೋ 226 ಜನರನ್ನ ಎರಡು ಗುಂಪು ಮಾಡಿದ್ರು. ಲುಟೇಶಿಯಂ ಸಿಕ್ಕಿದೋರ ಕಾಯಿಲೆ 22.8 ತಿಂಗಳು ಬೆಳೀದೆ ನಿಂತಿತ್ತು, ಬರೀ ಹೆಚ್ಚಿನ ಡೋಸಿನ ಆಕ್ಟ್ರಿಯೊಟೈಡ್, ಅಂದ್ರೆ ಅದೇ ಹಾರ್ಮೋನನ್ನ ಹೋಲೋ ಔಷಧಿಯ, ಇಂಜೆಕ್ಷನ್ ಸಿಕ್ಕಿದೋರದ್ದು 8.5 ತಿಂಗಳು.

ಆದ್ರೆ ಗೂಡು ಇದೆಯಾ ಇಲ್ವಾ ಅಂತ ಮೊದಲು ಗ್ಯಾಲಿಯಂ-68 ಪೆಟ್ ಸ್ಕ್ಯಾನಲ್ಲಿ ನೋಡ್ಕೋಬೇಕು, ಗೂಡು ಇರೋ ಗಡ್ಡೆ ಅದರಲ್ಲಿ ಎದ್ದು ಕಾಣತ್ತೆ, ಜೊತೆಗೆ ಸಕ್ಕರೆ ಹೀರೋದನ್ನ ತೋರಿಸೋ ಎಫ್‌ಡಿಜಿ ಪೆಟ್ ಕೂಡ ಮಾಡಿಸಿದ್ರೆ ಒಳ್ಳೇದು, ಒಂದೇ ಮನುಷ್ಯನ ಒಂದು ಗಡ್ಡೆ ಶಾಂತವಾಗಿದ್ದು ಇನ್ನೊಂದು ಉಗ್ರವಾಗಿರೋದು ಆಗ ಗೊತ್ತಾಗತ್ತೆ.

ಬ್ಲಾಕ್ ವಾಪಸ್ ತಗೊಳಕ್ಕೆ ಬಂದಾಗ ಹುಡುಗಿ ರಿಪೋರ್ಟನ್ನ ಎರಡು ಸಲ ಓದಿದ್ಲು. "ಗ್ರೇಡ್ 3 ಅಂತಾನೇ ಇದೆಯಲ್ಲ ಮೇಡಮ್?" ಅಂದ್ಲು. ಹೌದಮ್ಮ, ಅದರ ಪಕ್ಕದಲ್ಲಿ ಏನಿದೆ ಓದು ಅಂತ ಬೆರಳಿಟ್ಟು ತೋರಿಸಿದೆ. ಮೂರು ವಾರ ಆದಮೇಲೆ ಗ್ಯಾಲಿಯಂ ಸ್ಕ್ಯಾನಿನ ಫೋಟೋ ಕಳಿಸಿದ್ಲು, ಲಿವರಲ್ಲಿದ್ದ ಗಡ್ಡೆಗಳೆಲ್ಲಾ ಮಸಿ ಚುಕ್ಕೆ ಇಟ್ಟ ಹಾಗೆ ಕಪ್ಪಗೆ ಎದ್ದು ಕಾಣ್ತಿದ್ವು, ಒಂದೂ ಬಿಟ್ಟುಹೋಗಿರಲಿಲ್ಲ.