ಮೊದಲು ಕಂಡದ್ದು ಬರೆಯಲಿ, ಗುಣ ಆಮೇಲೆ

‘ರಾಮಾಚಾರಿ ಹಟಮಾರಿ, ಮುಂಗೋಪಿ, ಆದರೆ ಮನಸ್ಸು ಒಳ್ಳೆಯದು.’ ‘ನಾಗರಹಾವು’ ಸಿನಿಮಾ ತೋರಿಸಿ ನಾಯಕನ ಪಾತ್ರದ ಬಗ್ಗೆ ಬರೆಯಿರಿ ಎಂದರೆ ಹೈಸ್ಕೂಲು ಮಕ್ಕಳಿಂದ ಬರುವ ಉತ್ತರ ಇದೇ ಅಚ್ಚಿನದು. ಇದರಲ್ಲಿ ತಪ್ಪಿಲ್ಲ, ಆದರೆ ಇಷ್ಟನ್ನು ಸಿನಿಮಾ ನೋಡದವರೂ ಬರೆಯಬಲ್ಲರು. ವಿಶ್ಲೇಷಣೆ ಕಲಿಸುವುದು ಶುರುವಾಗಬೇಕಾದ್ದು ಇಲ್ಲಿಂದಲೇ.

ಚಿತ್ರದುರ್ಗದ ಶಾಲೆಗಳಿಗೆ ‘ನಾಗರಹಾವು’ (1972) ಹೇಳಿ ಮಾಡಿಸಿದಂತಿದೆ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರ. ಮಕ್ಕಳು ಹತ್ತಿ ಇಳಿಯುವ ಬಂಡೆಗಳೇ ಅದರಲ್ಲಿವೆ. ಇಡೀ ಚಿತ್ರ ತೋರಿಸಲು ಹೋಗಬೇಡಿ. ನಲವತ್ತು ನಿಮಿಷದ ಪೀರಿಯಡ್ಡಿಗೆ ಮೂರು ನಿಮಿಷದ ಒಂದು ತುಣುಕು ಧಾರಾಳವಾಯಿತು. ತಾನು ಪ್ರೀತಿಸಿದ ಅಲಮೇಲುವಿನ ಆಸೆ ಬಿಡುವಂತೆ ರಾಮಾಚಾರಿಯನ್ನು ಅವನ ಗುರು ಚಾಮಯ್ಯ ಮೇಷ್ಟ್ರು ಒಪ್ಪಿಸುವ ಭಾಗವನ್ನು ಆರಿಸಿಕೊಳ್ಳಿ.

ಮೊದಲ ಸಲ ಸೌಂಡ್ ಪೂರ್ತಿ ಬಂದ್ ಮಾಡಿ ತೋರಿಸಿ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಕಣ್ಣು ತಪ್ಪಿಸುತ್ತಾರೆ, ಕ್ಯಾಮೆರಾ ಯಾರ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಇಷ್ಟನ್ನೇ ಬರೆಯಲಿ. ‘ತಲೆ ತಗ್ಗಿಸಿದ’ ಎಂದರೆ ಇರಲಿ, ‘ಬೇಸರಪಟ್ಟ’ ಎಂದರೆ ಹೊಡೆದುಹಾಕಿಸಿ. ಎರಡನೇ ಸಲ ಸೌಂಡ್ ಹಾಕಿ. ನೋಟ್‌ಬುಕ್ಕಿನ ಪುಟದಲ್ಲಿ ಮೂರು ಕಾಲಂ ಇರಲಿ: ಕಂಡದ್ದು, ಕೇಳಿದ್ದು, ಅದರಿಂದ ನನಗೆ ಅನ್ನಿಸಿದ್ದು. ಮೊದಲೆರಡರಲ್ಲಿ ನಾಲ್ಕು ನಾಲ್ಕು ಅಂಶ ತುಂಬುವ ತನಕ ಮೂರನೆಯದಕ್ಕೆ ಪೆನ್ನು ಇಡುವಂತಿಲ್ಲ. ಸೌಂಡ್ ನಿಲ್ಲಿಸುವುದಕ್ಕೆ ಕಾರಣವಿದೆ. ಹಿನ್ನೆಲೆ ಸಂಗೀತ ಹುಟ್ಟಿಸಿದ ದುಃಖವನ್ನು ಮಕ್ಕಳು ಪಾತ್ರದ ದುಃಖವೆಂದೇ ಬರೆದುಬಿಡುತ್ತಾರೆ.

ಇನ್ನೊಂದು ಎಡವಟ್ಟು, ‘ವಿಷ್ಣುವರ್ಧನ್ ಕೋಪಗೊಳ್ಳುತ್ತಾರೆ’ ಎಂದು ಬರೆಯುವುದು. ನಟನ ಮೇಲಿನ ಅಭಿಮಾನ ಪಾತ್ರಕ್ಕೆ ಗುರಾಣಿಯಾದರೆ ರಾಮಾಚಾರಿಯ ಒಂದು ತಪ್ಪೂ ಮಕ್ಕಳ ಕಣ್ಣಿಗೆ ಬೀಳದು. ನಟನೆಯ ಮಾತು ಬಂದಾಗ ಮಾತ್ರ ನಟನ ಹೆಸರು. ಕಥೆ ಹೇಳುತ್ತಾ ಹೋಗುವವರಿಗೆ ಐದು ವಾಕ್ಯದ ಉತ್ತರದಲ್ಲಿ ಕಥೆಗೆ ಒಂದೇ ವಾಕ್ಯ ಎಂದು ಗೆರೆ ಎಳೆಯಿರಿ.

ನಿಜವಾದ ಚರ್ಚೆ ಹುಟ್ಟುವುದು ಚಾಮಯ್ಯನವರ ವಿಷಯದಲ್ಲಿ. ‘ಒಳ್ಳೆಯ ಗುರು’ ಎಂದು ಇಡೀ ಕ್ಲಾಸು ಒಕ್ಕೊರಲಿನಲ್ಲಿ ಹೇಳುತ್ತದೆ. ಆಗ ಕೇಳಿ: ಆ ಮಾತನ್ನು ರಾಮಾಚಾರಿ ನಡೆಸಿಕೊಟ್ಟ, ಆಮೇಲೆ ಅಲಮೇಲುವಿನ ಬಾಳು ಏನಾಯಿತು? ನಿರ್ಧಾರ ಮಾಡುವಾಗ ಅವಳನ್ನು ಯಾರಾದರೂ ಕೇಳಿದರೇ? ತುಂಬು ಪ್ರೀತಿಯಿಂದ ಕೊಟ್ಟ ಸಲಹೆಯೂ ಕೆಡುಕು ಮಾಡಬಹುದೇ? ಮೇಷ್ಟ್ರ ಪಾತ್ರವನ್ನು ಮಕ್ಕಳು ತೂಗಿ ನೋಡುವಾಗ ತಡೆಯಬೇಡಿ. ಅದು ಗುರುನಿಂದೆಯಲ್ಲ. ಚಾಮಯ್ಯನವರ ಪರವಾಗಿಯೂ ವಿರುದ್ಧವಾಗಿಯೂ ಬಂದ ಉತ್ತರಗಳನ್ನು, ದೃಶ್ಯದ ಆಧಾರವಿದ್ದರೆ, ಸಮಾನವಾಗಿ ಒಪ್ಪಿಕೊಳ್ಳಿ.

ಪಠ್ಯವನ್ನು ಒರೆಗೆ ಹಚ್ಚುವ ಪಾಠಕ್ಕೂ ಇದೇ ಚಿತ್ರದಲ್ಲಿ ಸಾಮಗ್ರಿಯಿದೆ. ಜಯಂತಿ ಅಭಿನಯಿಸಿದ ಓಬವ್ವನ ಹಾಡು, ಓಬವ್ವನ ಬಗೆಗಿನ ಒಂದು ಪುಟದ ಗದ್ಯ, ಕೋಟೆಯ ಕಿಂಡಿಯ ಬಳಿ ಗೈಡ್ ಹೇಳುವ ಕಥೆ, ಮೂರನ್ನೂ ಪಕ್ಕಪಕ್ಕ ಇಡಿ. ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾವಾಗ? ದುರ್ಗ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಚಿತ್ರ ಬಂದದ್ದು ಅದಾಗಿ ಸುಮಾರು ಇನ್ನೂರು ವರ್ಷಕ್ಕೆ. ಕಿಂಡಿ, ಒನಕೆ ಮೂರರಲ್ಲೂ ಬರುತ್ತವೆ. ಒಂದರಲ್ಲಿ ಮಾತ್ರ ಬರುವ ವಿವರಕ್ಕೆ ಅಡಿಗೆರೆ ಹಾಕಿಸಿ, ಇದು ಹೇಳುವವರಿಗೆ ಹೇಗೆ ತಿಳಿಯಿತು ಎಂದು ಕೇಳಿ.

ಇಲ್ಲೊಂದು ಎಚ್ಚರ ಬೇಕು. ಅಲ್ಲಿಯವರೆಗೆ ಎಲ್ಲ ನಂಬಿದ್ದ ಮಕ್ಕಳು ಒಮ್ಮೆಲೇ ‘ಹಾಗಾದರೆ ಎಲ್ಲ ಸುಳ್ಳು’ ಎನ್ನತೊಡಗುತ್ತಾರೆ. ಆದ್ದರಿಂದ ‘ಆಧಾರವಿದೆ’, ‘ಕಲ್ಪನೆ’ ಎಂಬ ಎರಡು ಗುಂಪಿನ ಜೊತೆಗೆ ‘ಇನ್ನೂ ಗೊತ್ತಾಗಿಲ್ಲ’ ಎಂಬ ಮೂರನೆಯದನ್ನೂ ಬೋರ್ಡಿನ ಮೇಲೆ ಬರೆಯಿರಿ. ಹತ್ತು ಅಂಕದಲ್ಲಿ ಆಧಾರಕ್ಕೆ ನಾಲ್ಕು, ತರ್ಕಕ್ಕೆ ನಾಲ್ಕು, ಭಾಷೆಗೆ ಎರಡು ಇಡಿ. ‘ಗೊತ್ತಾಗಿಲ್ಲ’ ಎಂದು ಕಾರಣ ಸಮೇತ ಬರೆದ ಮಗುವಿಗೆ ತರ್ಕದ ನಾಲ್ಕೂ ಸಿಗಲಿ.