ಕವಚಕ್ಕೂ ರೇಡಾರಿಗೂ ಸಿಗದ ಚೂರುಗಳು

ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹಳೆಯ ಉಪಗ್ರಹಗಳ ಚೂರುಗಳು ಸೆಕೆಂಡಿಗೆ ಸರಾಸರಿ 10 ಕಿಲೋಮೀಟರ್ ವೇಗದಲ್ಲಿ ಬಡಿಯಬಲ್ಲವು. ಆ ವೇಗದಲ್ಲಿ, ಒಂದು ಸೆಂಟಿಮೀಟರ್ ಅಡ್ಡಳತೆಯ, ಒಂದೂವರೆ ಗ್ರಾಂ ಕೂಡ ತೂಗದ ಅಲ್ಯೂಮಿನಿಯಂ ಗುಂಡಿನಲ್ಲಿ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ಒಂದು ಟನ್ ತೂಕದ ಕಾರಿಗಿಂತ ಹೆಚ್ಚಿನ ಶಕ್ತಿ ಅಡಗಿರುತ್ತದೆ.

ದಪ್ಪ ಗೋಡೆ ಕಟ್ಟೋಣವೆಂದರೆ ಅಷ್ಟು ಭಾರವನ್ನು ಮೇಲಕ್ಕೆ ಸಾಗಿಸುವುದು ಆಗದ ಮಾತು. ಮೊದಲ ಉಪಗ್ರಹ ಹಾರುವುದಕ್ಕೆ ಹತ್ತು ವರ್ಷ ಮುಂಚೆ, 1947ರಲ್ಲೇ, ಅಮೆರಿಕದ ಖಗೋಳಜ್ಞ ಫ್ರೆಡ್ ವಿಪಲ್ ಉಲ್ಕಾಕಣಗಳನ್ನು ತಡೆಯಲು ಬೇರೊಂದು ದಾರಿ ಸೂಚಿಸಿದ್ದರು: ಗೋಡೆಯಿಂದ ತುಸು ದೂರದಲ್ಲಿ ಒಂದು ತೆಳು ತಗಡನ್ನು ನಿಲ್ಲಿಸುವುದು. ಚೂರು ತಗಡಿಗೆ ಬಡಿದೊಡನೆ ತಾನೇ ಒಡೆದು, ಕರಗಿ, ಮೋಡದಂತೆ ಹರಡಿಕೊಳ್ಳುವುದರಿಂದ, ಒಳಗೋಡೆಯನ್ನು ತಲುಪುವ ಹೊತ್ತಿಗೆ ಪೆಟ್ಟು ಅಗಲವಾಗಿ ಹಂಚಿಹೋಗಿರುತ್ತದೆ. ಇದರಲ್ಲೊಂದು ವಿಚಿತ್ರವಿದೆ: ನಿಧಾನವಾಗಿ ಬಂದ ಚೂರು ಒಡೆಯದೆ ಇಡಿಯಾಗಿ ಒಳನುಗ್ಗಿ, ಕೆಲವೊಮ್ಮೆ ವೇಗದ ಚೂರಿಗಿಂತ ಹೆಚ್ಚು ಹಾನಿ ಮಾಡಬಲ್ಲದು. ಹೀಗಾಗಿ ನಿಲ್ದಾಣದ ಮುಖ್ಯ ಭಾಗಗಳಲ್ಲಿ ತಗಡು ಮತ್ತು ಗೋಡೆಗಳ ನಡುವೆ ನೆಕ್ಸ್‌ಟೆಲ್, ಕೆವ್ಲಾರ್ ಎಂಬ ಗಟ್ಟಿ ನಾರಿನ ಬಟ್ಟೆಗಳ ಪದರಗಳನ್ನೂ ಸೇರಿಸಿದ್ದಾರೆ.

ಇಷ್ಟಾದರೂ ಅತ್ಯುತ್ತಮ ಕವಚ ತಡೆಯುವುದು ಸುಮಾರು ಒಂದು ಸೆಂಟಿಮೀಟರಿನವರೆಗಿನ ಚೂರುಗಳನ್ನು ಮಾತ್ರ. ಹತ್ತು ಸೆಂಟಿಮೀಟರಿಗಿಂತ ದೊಡ್ಡವನ್ನು ನೆಲದ ರೇಡಾರುಗಳು ಹಿಂಬಾಲಿಸುತ್ತವೆ. ಡಿಕ್ಕಿಯ ಸಂಭವ ಹತ್ತು ಸಾವಿರದಲ್ಲಿ ಒಂದನ್ನು ಮೀರಿದರೆ ನಿಲ್ದಾಣವನ್ನೇ ಪಕ್ಕಕ್ಕೆ ಸರಿಸುತ್ತಾರೆ. ನಮ್ಮ ಚಂದ್ರಯಾನ-3ರ ಉಡಾವಣೆಯನ್ನೂ ಇಂಥದೇ ಲೆಕ್ಕಾಚಾರದ ಮೇಲೆ 4 ಸೆಕೆಂಡು ತಡಮಾಡಲಾಗಿತ್ತು. ಆದರೆ ಒಂದರಿಂದ ಹತ್ತು ಸೆಂಟಿಮೀಟರಿನ ನಡುವಿನ ಹೆಚ್ಚಿನ ಚೂರುಗಳು ರೇಡಾರಿನ ಪಟ್ಟಿಯಲ್ಲೂ ಇಲ್ಲ, ಕವಚಕ್ಕೂ ಬಗ್ಗುವುದಿಲ್ಲ. ಈ ಅಪಾಯವನ್ನು ಸೊನ್ನೆಗೆ ಇಳಿಸುವ ವಿನ್ಯಾಸ ಇಂದು ಯಾರ ಬಳಿಯೂ ಇಲ್ಲ. ಅದನ್ನು ಮರೆಮಾಚದೆ, ಎಷ್ಟು ಸಂಭವವನ್ನು ಸಹಿಸಬಹುದೆಂದು ಮೊದಲೇ ಅಂಕಿಯಲ್ಲಿ ಬರೆದಿಟ್ಟು, ಪೆಟ್ಟು ಹೆಚ್ಚು ಬೀಳುವ ಮುಂಭಾಗಕ್ಕೆ ಬಲವಾದ ಕವಚ ಕೊಟ್ಟು, ಉಳಿದುದಕ್ಕೆ ಪಾರಾಗುವ ದಾರಿ ಸಿದ್ಧವಿಡುವ ಕ್ರಮವನ್ನು ನಾನು ಪ್ರಾಮಾಣಿಕ ಎಂಜಿನಿಯರಿಂಗ್ ಎಂದೇ ಭಾವಿಸುತ್ತೇನೆ.

2021ರ ನವೆಂಬರ್ 15ರಂದು ರಷ್ಯಾ ತನ್ನದೇ ಹಳೆಯ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದಾಗ, ನಿಲ್ದಾಣದಲ್ಲಿದ್ದ ಏಳು ಮಂದಿ ಬಾಗಿಲುಗಳನ್ನು ಮುಚ್ಚಿ ತಮ್ಮನ್ನು ಭೂಮಿಗೆ ಮರಳಿ ತರುವ ನೌಕೆಗಳಲ್ಲಿ ಆಶ್ರಯ ಪಡೆದರು. ಮರುವರ್ಷ ಡಿಸೆಂಬರಿನಲ್ಲಿ ಅಂಥ ಒಂದು ನೌಕೆಗೇ ಏಟು ಬಿತ್ತು. ರಷ್ಯಾದ ಸೊಯುಜ್ ಎಂಎಸ್-22 ನೌಕೆಯನ್ನು ತಂಪಾಗಿಡುವ ದ್ರವದ ಕೊಳವೆಯಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕ ತೂತಾಗಿ ದ್ರವವೆಲ್ಲ ಸೋರಿಹೋಯಿತು. ಉಲ್ಕಾಕಣವೇ ಕಾರಣವೆಂದು ರಷ್ಯಾದ ಸಂಸ್ಥೆ ಹೇಳಿತು. ಮೂವರು ಯಾತ್ರಿಗಳಿಗಾಗಿ ಭೂಮಿಯಿಂದ ಖಾಲಿ ನೌಕೆಯೊಂದನ್ನು ಕಳುಹಿಸಲಾಯಿತು. ಆರು ತಿಂಗಳಿಗೆಂದು ಹೋಗಿದ್ದ ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದು, 2023ರ ಸೆಪ್ಟೆಂಬರಿನಲ್ಲಿ ಕ್ಷೇಮವಾಗಿ ನೆಲಕ್ಕಿಳಿದರು.